ಏಳನೇ ಮಂಚದ ಕೆಂಪು ಪಟ್ಟಿ

ನಮ್ಮ ಹುಮನಾಬಾದಿನಲ್ಲಿ ನರ್ಸು ಪರದೇಶಕ್ಕೆ ಹೊರಟಳೆಂದರೆ ಮಂದಿ ದುಬೈ, ಸೌದಿ ಎಂದೇ ತಿಳಿಯುತ್ತಾರೆ. ನಾನು ಹೊರಟ ದಿನ ಓಣಿಯ ಹೆಂಗಸರು ಬಂದು, ಬರುವಾಗ ಖರ್ಜೂರ ತರಬೇಕೆಂದು ತಾಕೀತು ಮಾಡಿ ಹೋದರು. ನಾನು ಹೊರಟದ್ದು ನಾಶಿಕ್‌ಗೆ. ಹಾಗಂತ ಹೇಳಿದರೆ ಅವರ ಮುಖ ಬಾಡುವುದನ್ನು ನೋಡಲಾರದೆ "ಆಗಲಿ" ಎಂದುಬಿಟ್ಟೆ. ಭಾಷೆ ಬೇರೆ, ಊಟ ಬೇರೆ, ಫೋನಿಗೆ ರೋಮಿಂಗ್ ಬೇರೆ. ಪರದೇಶವಾಗಲು ಇನ್ನೇನು ಬೇಕು?

ಕರ್ನಾಟಕದ ಸಿಮ್ಮು ಗಡಿ ದಾಟಿದರೆ ಬಂದ ಕರೆಗೂ ದುಡ್ಡು ಕಡಿಯುತ್ತಿದ್ದ ಕಾಲ ಅದು. ಬೀದರಿನ ಖಾಸಗಿ ದವಾಖಾನೆಯೊಂದರಲ್ಲಿ ಒಂಬತ್ತು ವರ್ಷ ದುಡಿದಿದ್ದೆ. ಅಲ್ಲಿಯ ಪಗಾರ ಬಾಡಿಗೆಗೂ ಕಿರಾಣಿಗೂ ಸರಿಹೋಗುತ್ತಿತ್ತು, ಹೊಸ ಚಪ್ಪಲಿ ಬೇಕೆಂದರೆ ಮುಂದಿನ ತಿಂಗಳು. ಆಗ ಈ ಏಜೆನ್ಸಿಯ ಸುದ್ದಿ ಬಂತು. ಎಲ್ಲಿ ನರ್ಸುಗಳು ಕಡಿಮೆಯೋ ಅಲ್ಲಿಗೆ ಕಳಿಸುತ್ತಾರೆ. ಒಂದು ಊರಲ್ಲಿ ಮೂರು ವಾರ, ಇನ್ನೊಂದರಲ್ಲಿ ಎರಡು ತಿಂಗಳು. ಪಗಾರ ದುಪ್ಪಟ್ಟು, ಇರಲು ಕೋಣೆ. ಕರಾರು ಎರಡೇ. ಬೆಳಿಗ್ಗೆ ಫೋನ್ ಬಂದರೆ ಸಂಜೆಗೆ ಹೊಸ ಊರಲ್ಲಿ ಡ್ಯೂಟಿಗೆ ನಿಲ್ಲಬೇಕು. ಬಿಟ್ಟು ಬಂದ ಊರಿನಿಂದ ನನ್ನ ಮೇಲೆ ಒಂದೂ ದೂರು ಬಂದಿರಬಾರದು, ಬಂದರೆ ಅಲ್ಲಿಯ ಪಗಾರ ನಿಂತಂತೆಯೇ.

ದೂರು? ನನ್ನ ಮೇಲೆ? ಒಂಬತ್ತು ವರ್ಷದ ಅನುಭವದ ಜಂಬದಲ್ಲಿ ಕಣ್ಣು ಮುಚ್ಚಿ ಸಹಿ ಹಾಕಿದೆ.

ನಾಶಿಕ್

ನಾಶಿಕ್‌ನಲ್ಲಿ ಮೊದಲು ತಮಾಷೆ ಎನಿಸಿದ್ದು, ಅಲ್ಲಿಯವರು ಗುರುತಿಲ್ಲದ ಹೆಂಗಸರನ್ನೆಲ್ಲ 'ತಾಈ' ಎನ್ನುವುದು. ಅಂದರೆ ಅಕ್ಕ. ನಮ್ಮ ಕಿವಿಗೆ ಅದು ತಾಯಿಯೇ. ಎಂಬತ್ತರ ಅಜ್ಜನೊಬ್ಬ ಹಾಗೆ ಕರೆದು ದಾರಿ ಕೇಳಿದಾಗ, ಏಕ್ದಂ ನೂರು ವರ್ಷದವಳಾದೆ ಎನಿಸಿತು.

ವಾರ್ಡಿನಲ್ಲಿ ತಮಾಷೆ ಇರಲಿಲ್ಲ. ಬಂದ ದಿನ ಬ್ಯಾಗು ಇಟ್ಟು ಕೈ ತೊಳೆಯುವಷ್ಟರಲ್ಲಿ ಹನ್ನೊಂದು ರೋಗಿಗಳು ನನ್ನ ಪಾಲಿಗೆ ಬಂದಿದ್ದರು. ಯಾವ ಔಷಧ ಯಾವ ಕಪಾಟಿನಲ್ಲಿದೆ ಎಂದು ಕೇಳಿದರೆ, "ದುಪ್ಪಟ್ಟು ಪಗಾರ ತಗೊಳ್ಳೋರಿಗೆ ಕಪಾಟು ಕಾಣಿಸಲ್ವಾ?" ಎಂದರು ಮಂದಾ ಸಿಸ್ಟರ್. ಅವರು ಅದೇ ವಾರ್ಡಿನಲ್ಲಿ ಹದಿನಾಲ್ಕು ವರ್ಷದಿಂದ ಇದ್ದ ಕಾಯಂ ನರ್ಸು. ನನಗೆಷ್ಟು ಪಗಾರ ಎಂದು ಅವರು ಕೇಳಿದಾಗ ನಿಜ ಹೇಳಿದ್ದೇ ನನ್ನ ಮೊದಲ ತಪ್ಪು. ಅವರದು ಅದಕ್ಕಿಂತ ಕಡಿಮೆ ಇತ್ತು. ಹೊಟ್ಟೆಕಿಚ್ಚು ಎಂದು ನಾನು ಹೇಳಲಾರೆ, ಅವರ ಜಾಗದಲ್ಲಿ ನಾನಿದ್ದರೆ ಹೊರಗಿನಿಂದ ಬಂದವಳ ಚಹಾಕ್ಕೆ ಉಪ್ಪು ಹಾಕಿರುತ್ತಿದ್ದೆ.

ಮೂರನೇ ವಾರ ಏಳನೇ ಮಂಚಕ್ಕೆ ಸಲೀಂ ಚಾಚಾ ಬಂದರು. ಮಾಲೇಗಾಂವಿನವರು. ನಲವತ್ತು ವರ್ಷ ಪವರ್‌ಲೂಮ್ ನಡೆಸಿ, ಮಗ್ಗದ ಸದ್ದಿಗೆ ಎರಡೂ ಕಿವಿ ಹೋಗಿದ್ದವು. ತಮಗೆ ಕೇಳಿಸದ್ದರಿಂದ ಅವರು ಎಲ್ಲವನ್ನೂ ಕೂಗಿಯೇ ಹೇಳುತ್ತಿದ್ದರು, ನಾವೂ ಕೂಗಬೇಕಿತ್ತು. "ಜ್ವರ ಇದೆಯಾ ಚಾಚಾ?" ಎಂದು ನಾನು ಕೇಳಿದರೆ ಕೆಳಗಿನ ಮಾಳಿಗೆಯ ರೋಗಿಗಳೂ ಹಣೆ ಮುಟ್ಟಿ ನೋಡಿಕೊಳ್ಳಬೇಕು. ವಾಂತಿ ಭೇದಿಯಿಂದ ಸೊರಗಿ ಬಂದಿದ್ದರು. ಹೆಂಡತಿ ಜುಬೇದಾ ಬೀ ಸ್ಟೂಲಿನ ಮೇಲೆ ಕೂತು ಸಲಾಯಿನ್ ಹನಿಗಳನ್ನೇ ಎಣಿಸುತ್ತಿದ್ದರು.

ಬೀದರಿನಲ್ಲಿ ನಾವು ಮೂವತ್ತು ಮಂಚಕ್ಕೆ ಒಬ್ಬಳೇ ನರ್ಸು. ಹಾಗಾಗಿ ರೋಗಿಯ ಕಡೆಯವರಿಗೆ ಸಲಾಯಿನ್ ನಳಿಗೆಯ ಮೇಲಿನ, ಹನಿಯ ವೇಗ ಹೆಚ್ಚು ಕಡಿಮೆ ಮಾಡುವ ಪುಟ್ಟ ಗಾಲಿ ಮುಚ್ಚುವುದನ್ನು ಮೊದಲ ದಿನವೇ ಕಲಿಸುತ್ತಿದ್ದೆವು. ಬಾಟಲಿ ಮುಗಿದರೆ ಇಲ್ಲವೇ ಕೈ ಉರಿದರೆ ಗಾಲಿಯನ್ನು ಕೆಳಗೆ ತಿರುಗಿಸಿ, ಆಮೇಲೆ ನಮ್ಮನ್ನು ಕೂಗಿ. ಜುಬೇದಾ ಬೀಗೂ ಅದನ್ನೇ ಕಲಿಸಿದೆ. ಮಂದಾ ಸಿಸ್ಟರ್ ನೋಡಿದರು. "ರೋಗಿಯ ಕಡೆಯವರು ಗಾಲಿ ಮುಟ್ಟಕೂಡದು. ಇದು ನಿನ್ನ ಬೀದರ್ ಅಲ್ಲ," ಎಂದು ಎಲ್ಲರೆದುರು ಗದರಿದರು. ಮುಖಕ್ಕೆ ಹೊಡೆದಂತಾಯಿತು.

ನಾಶಿಕ್‌ನಲ್ಲಿ ನನಗೆ ಪ್ರೀತಿ ಎಂದು ಸಿಕ್ಕದ್ದು ಶಾರದಕ್ಕನ ಮನೆಯಲ್ಲಿ. ಕಲಬುರ್ಗಿಯವರು. ಗಂಡನಿಗೆ ಬ್ಯಾಂಕಿನ ಕೆಲಸ, ವರ್ಗವಾಗಿ ಬಂದು ನಾಲ್ಕು ವರ್ಷ. ಕಾಯಿಪಲ್ಲೆ ಅಂಗಡಿಯಲ್ಲಿ ನಾನು ಫೋನಿನಲ್ಲಿ ಕನ್ನಡ ಮಾತಾಡುವುದನ್ನು ಕೇಳಿ ಕೈ ಹಿಡಿದು ನಿಲ್ಲಿಸಿದ್ದರು. ಮನೆ ದವಾಖಾನೆಯ ಹಿಂದೆಯೇ. ಎರಡು ದಿನಕ್ಕೊಮ್ಮೆ ಡಬ್ಬಿಯಲ್ಲಿ ರೊಟ್ಟಿ, ಪುಂಡಿಪಲ್ಲೆ ತರುತ್ತಿದ್ದರು, ಆದರೆ ಗೇಟು ದಾಟುತ್ತಿರಲಿಲ್ಲ. ದವಾಖಾನೆಯ ವಾಸನೆಗೇ ಅವರಿಗೆ ತಲೆ ತಿರುಗುತ್ತಿತ್ತು.

ಮೂರು ವಾರ ತುಂಬಿದ ದಿನ ಏಜೆನ್ಸಿಯ ಜಾಧವ್ ಸರ್ ಫೋನ್ ಬಂತು. ಔರಂಗಾಬಾದಿನಲ್ಲಿ ನರ್ಸು ಬೇಕು, ರಾತ್ರಿ ಪಾಳಿಗೆ ನಿಲ್ಲಬೇಕು, ಎರಡೂವರೆಯ ಬಸ್ಸು. (ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರು.) ಅಷ್ಟರಲ್ಲಿ ಡಾಕ್ಟರು, ಸಲೀಂ ಚಾಚಾನ ಮುಂದಿನ ಬಾಟಲಿಗೆ ಪೊಟ್ಯಾಸಿಯಂ ಸೇರಿಸಲು ಹೇಳಿದರು. ಆಗ ಹಾಕಿದ್ದ ಬಾಟಲಿ ಐದು ಗಂಟೆಗೆ ಮುಗಿಯುವಂಥದು. ಮಂದಾ ಸಿಸ್ಟರ್‌ಗೆ ಕೆಲಸ ಕಡಿಮೆಯಾಗಲಿ ಎಂದು ನಾನೇ ಆ ಔಷಧದ ಎರಡು ಆಂಪೂಲ್ ಒಡೆದು ಹೊಸ ಬಾಟಲಿಗೆ ಹಾಕಿ, ಕೆಂಪು ಪಟ್ಟಿ ಅಂಟಿಸಿ, ಮಂಚದ ಪಕ್ಕ ಇಟ್ಟೆ. ಫೈಲಿನಲ್ಲಿ ಬರೆದೆ. ಪಾಳಿ ಬದಲಾಗುವಾಗ ಮಂಚದಿಂದ ಮಂಚಕ್ಕೆ ಹೋಗಿ ಒಪ್ಪಿಸುವುದು ಪದ್ಧತಿ. ಆದರೆ ಕೆಳಗೆ ಆಟೋದವನು ಹಾರ್ನು ಹೊಡೆಯುತ್ತಿದ್ದ. "ಎಲ್ಲಾ ಫೈಲಿನಲ್ಲಿದೆ ಸಿಸ್ಟರ್," ಎಂದು ಓಡಿದೆ. ಅವರೂ ತಡೆಯಲಿಲ್ಲ, ಪೀಡೆ ಹೋಯಿತು ಎಂದುಕೊಂಡಿರಬೇಕು.

ನಿಫಾಡ್ ದಾಟಿದ ಮೇಲೆ

ಬಸ್ಸಿನಲ್ಲಿ ಪಕ್ಕಕ್ಕೆ ಗಂಗಾಪುರದ ಅಜ್ಜಿಯೊಬ್ಬರು, ಅಲ್ಲಿಯವರ ಮಾತಿನಲ್ಲಿ ಆಜಿ, ಕೂತರು. ಒಂಬತ್ತು ಗಜದ ಸೀರೆ, ಮಡಿಲಲ್ಲಿ ಮಗಳು ಕಟ್ಟಿಕೊಟ್ಟ ದ್ರಾಕ್ಷಿಯ ಬುಟ್ಟಿ. ಯಾವ ಊರು, ಎಷ್ಟು ಮಕ್ಕಳು, ಪಗಾರ ಎಷ್ಟು ಎಂದು ಕೇಳಿ ಮುಗಿಸುವಷ್ಟರಲ್ಲಿ ನಿಫಾಡ್ ಬಂತು. ನಮ್ಮ ಹುಮನಾಬಾದ್ ಬಸ್ಸಿನಲ್ಲಾದರೆ ಜಾತಿಯನ್ನೂ ಕೇಳಿರುತ್ತಿದ್ದರು. ಹೊರಗೆ ದ್ರಾಕ್ಷಿ ತೋಟಗಳು, ಆಮೇಲೆ ಈರುಳ್ಳಿ ತುಂಬಿದ ಟ್ರ್ಯಾಕ್ಟರುಗಳ ಸಾಲು. ಒಂದು ಕಡೆ ಸಿಹಿ, ಒಂದು ಕಡೆ ಘಾಟು. ಮೂರು ವಾರದಲ್ಲಿ ಮೊದಲ ಸಲ ನನಗೆ ಹಾಯೆನಿಸಿತು.

ಯೇವಲಾ ಇನ್ನೂ ಸ್ವಲ್ಪ ದೂರವಿದ್ದಾಗ ಡ್ರೈವರ್ ಬಸ್ಸು ನಿಧಾನ ಮಾಡಿದ. ಮುಂದೆ ಕಬ್ಬಿಣದ ಸರಳು ಹೇರಿದ ಟ್ರಕ್ಕು. ಹಿಂದಕ್ಕೆ ಚಾಚಿದ ಸರಳಿನ ತುದಿಗೆ ಕೆಂಪು ಬಟ್ಟೆ ಕಟ್ಟಿದ್ದರು. ಕೆಂಪು ಕಂಡರೆ ನಿಧಾನ, ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ ಎಂದುಕೊಂಡೆ. ಬೀದರಿನ ನಮ್ಮ ವಾರ್ಡಿನಲ್ಲೂ ಹಾಗೇ. ಕೆಂಪು ಪಟ್ಟಿ ಇದ್ದರೆ ಒಳಗೆ ಪೊಟ್ಯಾಸಿಯಂ ಇದೆ, ನಿಧಾನ ಬಿಡಿ ಎಂದು ಅರ್ಥ. ಮೇಲೆ ಏನೂ ಬರೆಯುವುದಿಲ್ಲ, ಬರೆಯುವ ಅಗತ್ಯವೇ ಇಲ್ಲ.

ಆಗ ಸೀಟಿನಿಂದ ಅರ್ಧ ಎದ್ದುಬಿಟ್ಟೆ.

ನಾಶಿಕ್‌ನ ವಾರ್ಡಿನಲ್ಲಿ ಕೆಂಪು ಪಟ್ಟಿ ಅಂದರೆ ತುರ್ತು, ಜೋರಾಗಿ ಬಿಡಿ ಎಂದು. ಬಂದ ಎರಡನೇ ದಿನವೇ ಕಣ್ಣಾರೆ ನೋಡಿದ್ದೆ. ನೋಡಿ ಮರೆತಿದ್ದೆ. ಮೂರು ವಾರದಲ್ಲಿ ಪೊಟ್ಯಾಸಿಯಂ ಬಾಟಲಿ ನನ್ನ ಕೈಗೆ ಬಂದದ್ದು ಅದೇ ಮೊದಲು. ಕೈ ತನ್ನ ಹಳೆಯ ಅಭ್ಯಾಸದಂತೆ ಕೆಂಪು ಪಟ್ಟಿ ಹರಿದು ಅಂಟಿಸಿಬಿಟ್ಟಿತ್ತು. ಪೊಟ್ಯಾಸಿಯಂ ಹನಿಹನಿಯಾಗಿ ಹೋದರೆ ಔಷಧ, ಜೋರಾಗಿ ಹೋದರೆ ಹೃದಯವೇ ನಿಂತುಹೋಗಬಹುದು. ಗಡಿಯಾರ ನೋಡಿದೆ. ನಾಲ್ಕು ಹೊಡೆದು ಹತ್ತು ನಿಮಿಷ. ಐದಕ್ಕೆ ಮಂದಾ ಸಿಸ್ಟರ್ ಆ ಬಾಟಲಿ ಏರಿಸುತ್ತಾರೆ.

ದವಾಖಾನೆಗೆ ಫೋನ್ ಹಚ್ಚಿದೆ. ರಿಸೆಪ್ಶನ್ನಿನ ಹುಡುಗಿ "ಹೋಲ್ಡ್ ಮಾಡಿ" ಎಂದು ಸಂಗೀತ ಕೇಳಿಸಿದಳು. ಆ ಹಾಳು ಸಂಗೀತ ಮುಗಿಯುವ ಮೊದಲೇ ನನ್ನ ಬ್ಯಾಲೆನ್ಸ್ ಮುಗಿಯಿತು. ರೋಮಿಂಗ್. ಇನ್ನು ಯಾರಾದರೂ ನನಗೆ ಮಾಡಿದರೂ ಬರುವುದಿಲ್ಲ.

ಯೇವಲಾ ಬಸ್‌ಸ್ಟ್ಯಾಂಡ್

ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿದು ಎಸ್‌ಟಿಡಿ ಬೂತಿಗೆ ಓಡಿದೆ. ಹಿಂದಿನಿಂದ ಕಂಡಕ್ಟರ್, "ಐದೇ ನಿಮಿಷ, ತಾಈ!" ಎಂದು ಕೂಗಿದ. ಬೂತಿನಿಂದ ಮತ್ತೆ ರಿಸೆಪ್ಶನ್. ವಾರ್ಡಿನ ಫೋನು ಎಂಟು ಸಲ ಬಾರಿಸಿತು, ಯಾರೂ ಎತ್ತಲಿಲ್ಲ. "ಸಿಸ್ಟರ್ ಮಂದಿ ಚಹಾಕ್ಕೆ ಹೋಗಿರಬೇಕು, ಆಮೇಲೆ ಮಾಡಿ," ಎಂದು ಇಟ್ಟುಬಿಟ್ಟಳು. ಉಳಿದದ್ದು ಶಾರದಕ್ಕನ ಮನೆಯ ನಂಬರು.

"ಅಕ್ಕ, ನಾ ಶಿವಲೀಲಾ. ದವಾಖಾನಿಗಿ ಓಡ್ರಿ. ಈಗಿಂದೀಗ."

"ಯಾಕ ತಂಗಿ? ನಿನಗೇನಾಗ್ಯಾದ?"

"ನನಗಲ್ರಿ. ಎರಡನೇ ಮಾಳಗಿ, ಏಳನೇ ಮಂಚ. ಕೆಂಪು ಪಟ್ಟಿ ಹಚ್ಚಿದ ಬಾಟ್ಲಿ ಅದ. ಅದು ಸಾವಕಾಶ ಹೋಗಬೇಕು. ಜೋರ್ ಬಿಟ್ರ ಮನಿಷ್ಯಾ ಉಳಿಯಂಗಿಲ್ಲ. ಮಂದಾ ಸಿಸ್ಟರಿಗಿ ಇಷ್ಟೇ ಹೇಳ್ರಿ."

"ಅಯ್ಯೋ ಶಿವನೇ, ನನಗ ಆ ವಾಸನಿಗೇ ಚಕ್ಕರ ಬರ್ತಾದ..."

"ಅಕ್ಕಾ!"

"ಹೊಂಟೆ, ಹೊಂಟೆ. ಗೇಟಿನಾಂವ ಬಿಡದಿದ್ರ?"

"ಡಬ್ಬಿ ಹಿಡ್ಕೊಂಡು ಹೋಗ್ರಿ. ಡಬ್ಬಿ ಇದ್ದೋರಿಗಿ ಅಂವ ಏನೂ ಅನ್ನಂಗಿಲ್ಲ."

"ಡಬ್ಬಿನಾಗ ಹಾಕ್ಲಿಕ್ಕ ಏನೂ ಇಲ್ಲಲ್ಲ ತಂಗಿ!"

"ಖಾಲಿನೇ ಒಯ್ರಿ!"

ಬೂತಿನವನಿಗೆ ಕೈಗೆ ಬಂದ ನೋಟು ಕೊಟ್ಟು ತಿರುಗಿದರೆ ಬಸ್ಸು ಗುರುಗುಟ್ಟುತ್ತಿತ್ತು. ನಮ್ಮ ಆಜಿ ಬಾಗಿಲಲ್ಲಿ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ ಇಟ್ಟು ನಿಂತಿದ್ದರು. ಕಂಡಕ್ಟರ್ ಬೈಯುತ್ತಿದ್ದ. "ಮೊಣಕಾಲು ನೋವಪ್ಪಾ, ಹತ್ತಲಿಕ್ಕೆ ಆಗ್ತಿಲ್ಲ," ಎಂದು ಆಜಿ ಮರಾಠಿಯಲ್ಲಿ ನರಳುತ್ತಿದ್ದರು. ನಾನು ಹತ್ತಿದ ಮೇಲೆ ಅವರ ಮೊಣಕಾಲು ತಾನಾಗಿಯೇ ಸರಿಹೋಯಿತು.

ವೈಜಾಪುರ

ಯೇವಲಾದಿಂದ ವೈಜಾಪುರಕ್ಕೆ ಒಂದು ತಾಸು. ಆ ಒಂದು ತಾಸು ಬಾಣಲೆಯಲ್ಲಿ ಕೂತಂತೆ ಕೂತಿದ್ದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಮೊದಲು ನೆನಪಿಗೆ ಬಂದದ್ದು ಸಲೀಂ ಚಾಚಾ ಅಲ್ಲ. ನನ್ನ ಪಗಾರ. ಆಮೇಲೆ ನನ್ನ ಸರ್ಟಿಫಿಕೇಟು. ಪೊಲೀಸರು ಬರುತ್ತಾರೆಯೇ ಎಂಬ ಹೆದರಿಕೆ ಮೂರನೆಯದು. ಜುಬೇದಾ ಬೀ ಹನಿ ಎಣಿಸುತ್ತ ಕೂತದ್ದು ಕಣ್ಣಿಗೆ ಕಟ್ಟಿದ್ದು ಇವೆಲ್ಲ ಆದ ಮೇಲೆ. ಆಗ ಅಳು ಬಂತು. ಆಜಿ ಏನೂ ಕೇಳದೆ ಒಂದೊಂದೇ ದ್ರಾಕ್ಷಿ ಬಿಡಿಸಿ ನನ್ನ ಅಂಗೈಗೆ ಹಾಕುತ್ತಿದ್ದರು. ತಿನ್ನದೆ ಮುಷ್ಟಿಯಲ್ಲೇ ಹಿಡಿದುಕೊಂಡಿದ್ದೆ. ಐದು ಗಂಟೆಯಾಯಿತು. ಐದೂ ಹತ್ತಾಯಿತು.

ವೈಜಾಪುರದ ಬೂತಿನಿಂದ ವಾರ್ಡಿಗೆ ಮಾಡಿದೆ. ಈ ಸಲ ಎತ್ತಿದರು. ಮಂದಾ ಸಿಸ್ಟರ್.

"ಏಳನೇ ಮಂಚ..." ಎಂದೆ.

"ಇದ್ದಾನೆ," ಎಂದರು. ಆಮೇಲೆ ಅವರು ಮರಾಠಿಯಲ್ಲಿ ತಡೆತಡೆದು ಹೇಳಿದ್ದು ಇಷ್ಟು. ಹಳೆಯ ಬಾಟಲಿ ಸ್ವಲ್ಪ ಬೇಗನೇ ಮುಗಿಯಿತು. ಅವರು ಕೆಂಪು ಪಟ್ಟಿ ನೋಡಿದರು, ಫೈಲು ನೋಡಲಿಲ್ಲ. ಬಾಟಲಿ ಏರಿಸಿ, ಗಾಲಿ ಪೂರ್ತಿ ಬಿಟ್ಟು, ಒಂಬತ್ತನೇ ಮಂಚಕ್ಕೆ ಹೋದರು. ಒಂದೆರಡು ನಿಮಿಷದಲ್ಲಿ ಚಾಚಾ, ಕೈ ಉರಿಯುತ್ತಿದೆ ಎಂದು ಕಿರುಚಿದರು. ಅವರು ಯಾವಾಗಲೂ ಕಿರುಚುವವರೇ, ಯಾರೂ ತಿರುಗಿ ನೋಡಲಿಲ್ಲ. ಜುಬೇದಾ ಬೀ ಎದ್ದು ಗಾಲಿ ಕೆಳಗೆ ತಿರುಗಿಸಿಬಿಟ್ಟರು.

"ನಾನು ಅವಳಿಗೆ ಬೈದೆ. ಮುಟ್ಟಬೇಡ ಅಂದಿರಲಿಲ್ವಾ ಅಂತ ಬೈದು, ಮತ್ತೆ ಬಿಡಲಿಕ್ಕೆ ಗಾಲಿಗೆ ಕೈ ಹಾಕಿದೆ. ಅಷ್ಟರಲ್ಲಿ ನಿಮ್ಮ ಕಡೆಯ ಹೆಂಗಸು ಯಾರೋ ಡಬ್ಬಿ ಹಿಡಿದು ಬಂದರು. ಕನ್ನಡದಲ್ಲಿ ಏನೇನೋ ಕೂಗಿದರು. ನನಗೆ ತಿಳಿದದ್ದು 'ಸಾವಕಾಶ' ಅನ್ನೋದೊಂದೇ. ನಮ್ಮಲ್ಲೂ ನಿಧಾನಕ್ಕೆ ಹಾಗೇ ಅಂತೀವಿ. ಆಮೇಲೆ ಫೈಲು ತೆಗೆದೆ."

ಡಾಕ್ಟರು ಬೇರೆ ವಾರ್ಡಿನಲ್ಲಿದ್ದರಂತೆ. ಎದೆಬಡಿತದ ಇಸಿಜಿ ತೆಗೆದು ಕಳಿಸಿದರೆ, ಸರಿಯಿದೆ ಎಂದು ಹೇಳಿ ಕಳಿಸಿದರಂತೆ. ಯಾಕೆ ತೆಗೆದದ್ದು ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಶಾರದಕ್ಕ ಎಂಟನೇ ಮಂಚದ ಕಾಲು ಹಿಡಿದುಕೊಂಡು ಕೂತಿದ್ದಾರೆ, ನೀರು ಕುಡಿಸಿದ್ದೇವೆ ಎಂದರು.

"ತಪ್ಪಿನ ಪುಸ್ತಕದಲ್ಲಿ ಬರೆದಿರಾ?" ಎಂದು ಕೇಳಿದೆ. ವಾರ್ಡಿನಲ್ಲಿ ಆದ ತಪ್ಪುಗಳನ್ನು ಬರೆದಿಡುವ ಪುಸ್ತಕ ಅದು, ಅದರಲ್ಲಿ ಹೆಸರು ಬಂದರೆ ಏಜೆನ್ಸಿಗೆ ದೂರು ಹೋದಂತೆಯೇ.

"ಇನ್ನೂ ಇಲ್ಲ," ಎಂದರು. ದನಿಯಲ್ಲಿ ನಾನು ಮೂರು ವಾರ ಕೇಳಿರದ ಹೆದರಿಕೆ ಇತ್ತು. "ಬರೆದರೆ ಜೋರಾಗಿ ಬಿಟ್ಟವಳು ನಾನು."

ಔರಂಗಾಬಾದ್

ಜಾಧವ್ ಸರ್ ಬಸ್‌ಸ್ಟ್ಯಾಂಡಿಗೇ ಬಂದಿದ್ದರು. ಎಲ್ಲ ಕೇಳಿ, ಇಸ್ತ್ರಿ ಕೆಡದ ದನಿಯಲ್ಲಿ ಹಿಂದಿಯಲ್ಲಿ ಹೇಳಿದರು. "ರೋಗಿ ಆರಾಮ್ ಇದ್ದಾನಲ್ಲ ಸಿಸ್ಟರ್? ಅವರೂ ಬರೆದಿಲ್ಲ. ನೀವ್ಯಾಕೆ ಬರೆಯೋದು? ಬರೆದರೆ ನಾಶಿಕ್ ಪಗಾರ ಮರೆತುಬಿಡಿ. ಮುಂದೆ ಎಲ್ಲಿಗೂ ಕಳಿಸಲಿಕ್ಕೆ ನನಗೂ ಕಷ್ಟ."

ನಾನು ಹೂಂ ಎಂದೆ. ಹೌದು, ಹೂಂ ಎಂದೆ. ಬದುಕಿದರೆ ಬೇಡಿ ತಿಂದೇನು ಎನ್ನುವ ಧೈರ್ಯ ಕತೆಯಲ್ಲಿ ಇರುತ್ತದೆ, ಬಾಡಿಗೆ ಕಟ್ಟುವವಳಿಗೆ ಇರುವುದಿಲ್ಲ.

ಹೊಸ ವಾರ್ಡಿಗೆ ಹೋದವಳೇ ಬ್ಯಾಗು ಇಡುವ ಮೊದಲು ಅಲ್ಲಿಯ ಸಿಸ್ಟರನ್ನು ಕೇಳಿದೆ, "ನಿಮ್ಮಲ್ಲಿ ಕೆಂಪು ಪಟ್ಟಿ ಅಂದರೆ ಏನು?"

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ತೀರಿಕೊಂಡವರ ಫೈಲಿಗೆ ಅಂಟಿಸ್ತೀವಿ. ಯಾಕೆ?"

ಎಂಟು ತಾಸು ಆ ವಾರ್ಡಿನಲ್ಲಿ ಕೆಂಪು ಪಟ್ಟಿಯ ಸುರುಳಿ ಇದ್ದ ಡಬ್ಬದ ಕಡೆ ನೋಡದೆ ಕೆಲಸ ಮಾಡಿದೆ. ಮೂರು ದಿನ ಹಾಗೇ ಕಳೆದೆ. ಊರು ಚೆನ್ನಾಗಿತ್ತಂತೆ. ದೊಡ್ಡ ದೊಡ್ಡ ಕಮಾನುಗಳು, ನಮ್ಮ ಬೀದರಿನಂತೆಯೇ ಕೋಟೆಯ ಕಲ್ಲು, ನಾನ್ ಜೊತೆ ಮಾಂಸದ ಸಾರು. ನಾನು ನೋಡಲಿಲ್ಲ, ತಿನ್ನಲಿಲ್ಲ. ಸಲೀಂ ಚಾಚಾ ಬದುಕಿದರು ನಿಜ. ಆದರೆ ನಾಶಿಕ್‌ನ ವಾರ್ಡಿನಲ್ಲಿ ಕೆಂಪು ಪಟ್ಟಿಯ ಸುರುಳಿ ಇನ್ನೂ ಟ್ರಾಲಿಯ ಮೇಲೇ ಇದೆ, ನನ್ನ ಜಾಗಕ್ಕೆ ಇನ್ನೊಬ್ಬಳು ಬಂದಿರುತ್ತಾಳೆ, ಅವಳ ಊರಿನ ಪದ್ಧತಿ ಏನೋ ಯಾರು ಬಲ್ಲರು. ಈ ಯೋಚನೆ ಹಲ್ಲುನೋವಿನಂತೆ ಬಿಡಲಿಲ್ಲ. ನಾಲ್ಕನೇ ದಿನ ನನಗೆ ರಜೆ. ಜಾಧವ್ ಸರ್‌ಗೆ ಹೇಳದೆ ಬೆಳಗಿನ ಮೊದಲ ಬಸ್ಸು ಹತ್ತಿದೆ.

ಮತ್ತೆ ನಾಶಿಕ್

ಆ ದಿನ ಮಂದಾ ಸಿಸ್ಟರ್‌ದು ಬೆಳಗಿನ ಪಾಳಿ. ನನ್ನನ್ನು ನೋಡಿ ಅವರ ಮುಖ ಬಿಳುಚಿತು. ಸಲೀಂ ಚಾಚಾ ಎದ್ದು ಕೂತು ಗಂಜಿ ಕುಡಿಯುತ್ತಿದ್ದರು, ಮರುದಿನ ಮನೆಗೆ ಕಳಿಸುವವರಿದ್ದರು. ಜುಬೇದಾ ಬೀ ಓಡಿಬಂದು ನನ್ನ ಕೈ ಹಿಡಿದುಕೊಂಡರು. ಅಕ್ಕಪಕ್ಕದ ಮಂಚದವರಿಗೆಲ್ಲ ನನ್ನನ್ನು ತೋರಿಸಿದರು. "ಇವಳೇ, ಇವಳೇ ಬೀದರ್ ಸಿಸ್ಟರ್. ಗಾಲಿ ಮುಚ್ಚೋದು ಇವಳೇ ಕಲಿಸಿದ್ದು. ಇಲ್ಲದಿದ್ದರೆ ಇವರ ಕೈ ಸುಟ್ಟೇಹೋಗ್ತಿತ್ತು."

ಅವರಿಗೆ ಗೊತ್ತಿದ್ದದ್ದು ಅಷ್ಟೇ. ಕೈ ಉರಿಯಿತು, ಗಾಲಿ ಮುಚ್ಚಿದೆ. ನನಗೆ ದೇವರ ಪಟ್ಟ ಕಟ್ಟಿ ಕೂರಿಸಿದ್ದರು. ಅದನ್ನು ಹೊರಲು ನನ್ನಿಂದಾಗಲಿಲ್ಲ.

"ಚಾಚಾ," ಎಂದೆ. "ಆ ಬಾಟಲಿ ತಯಾರು ಮಾಡಿದ್ದು ನಾನು. ತಪ್ಪು ನನ್ನದು."

"ಕ್ಯಾ?" ಎಂದು ಕೂಗಿ ಚಾಚಾ ಕಿವಿಗೆ ಅಂಗೈ ಹಚ್ಚಿದರು.

ಮೆಲ್ಲಗೆ ಹೇಳಿ ಮುಗಿಸಿಬಿಡಬೇಕು ಎಂದು ಬಸ್ಸಿನುದ್ದಕ್ಕೂ ಅಂದುಕೊಂಡು ಬಂದಿದ್ದೆ. ಮಗ್ಗಕ್ಕೆ ಕಿವಿ ಕೊಟ್ಟ ಮನುಷ್ಯನಿಗೆ ಮೆಲ್ಲಗೆ ಹೇಳಲು ಆಗುವುದಿಲ್ಲ. ಎದೆ ತುಂಬ ಉಸಿರು ತೆಗೆದುಕೊಂಡು ಕೂಗಿದೆ. "ಗಲತಿ ಮೇರಿ ಥೀ ಚಾಚಾ! ಔಷಧ ಹಾಕಿದವಳು ನಾನು! ತಪ್ಪು ಪಟ್ಟಿ ಅಂಟಿಸಿದೆ! ನಿಮ್ಮ ಜೀವ ಹೋಗುತ್ತಿತ್ತು!" ಪೂರ್ತಿ ವಾರ್ಡು ತಿರುಗಿತು. ಬಾಗಿಲಲ್ಲಿ ಕಸ ಗುಡಿಸುವವಳು ನಿಂತಳು. ರೌಂಡ್ಸಿಗೆ ಬಂದಿದ್ದ ಡಾಕ್ಟರು ನಿಂತರು. ಜುಬೇದಾ ಬೀ ನನ್ನ ಕೈ ಬಿಟ್ಟರು. ಆ ಕೈ ಬಿಟ್ಟದ್ದು ನನಗೆ ಇವತ್ತಿಗೂ ನೆನಪಿದೆ.

ಚಾಚಾ ಗಂಜಿಯ ಬಟ್ಟಲನ್ನು ಪಕ್ಕಕ್ಕಿಟ್ಟರು. ಆಮೇಲೆ ತಮ್ಮ ಎಂದಿನ ದನಿಯಲ್ಲೇ ಕೇಳಿದರು. "ನಮ್ಮ ಕಾರ್ಖಾನೆಗೆ ಬೇರೆ ಕಾರ್ಖಾನೆಯ ಕಾರೀಗರ ಬಂದರೆ, ಎಷ್ಟೇ ಹಳಬನಾಗಲಿ, ಮೊದಲ ದಿನ ಮಗ್ಗ ಮುಟ್ಟಲಿಕ್ಕೆ ಬಿಡಲ್ಲ. ದಿನವಿಡೀ ನಿಂತು ನೋಡ್ತಾನೆ. ಪ್ರತಿ ಮಗ್ಗಕ್ಕೂ ಅದರದೇ ಚಾಳಿ ಇರ್ತದೆ. ಬೇಟಿ, ನಿನ್ನನ್ನ ಇಲ್ಲಿ ಯಾರೂ ಒಂದು ದಿನ ನಿಂತು ನೋಡಲಿಕ್ಕೆ ಬಿಡಲಿಲ್ವಾ?"

ಮಂದಾ ಸಿಸ್ಟರ್ ನೆಲ ನೋಡುತ್ತಿದ್ದರು.

ತಪ್ಪಿನ ಪುಸ್ತಕ ಕೇಳಿ ತೆಗೆದುಕೊಂಡು, ಕೆಂಪು ಪಟ್ಟಿಗೆ ಬೀದರಿನಲ್ಲೊಂದು ಇಲ್ಲೊಂದು ಅರ್ಥ ಇರುವುದನ್ನೂ ಸೇರಿಸಿ, ನನ್ನ ಕೈಯಾರೆ ಬರೆದೆ. ನನ್ನ ಸಹಿಯ ಕೆಳಗೆ ಮಂದಾ ಸಿಸ್ಟರ್, ಫೈಲು ನೋಡದೆ ಬಿಟ್ಟದ್ದು ನಾನು ಎಂದು ಮರಾಠಿಯಲ್ಲಿ ಒಂದು ಸಾಲು ಬರೆದರು. ಜಾಧವ್ ಸರ್ ಹೇಳಿದಂತೆಯೇ ಆಯಿತು, ಆ ಮೂರು ವಾರದ ಪಗಾರ ನನಗೆ ಬರಲೇ ಇಲ್ಲ. ಆದರೆ ಅದು ಆಮೇಲಿನ ಮಾತು. ಅವತ್ತು ಪುಸ್ತಕ ಮುಚ್ಚಿ ಹೊರಡಲು ಬ್ಯಾಗು ಎತ್ತಿದಾಗ ಮಂದಾ ಸಿಸ್ಟರ್ ಕರೆದರು.

"ಬಸ್ಸು ಎಷ್ಟಕ್ಕೆ?"

"ಎರಡೂವರೆ."

"ನನ್ನ ಪಾಳಿ ಎರಡರವರೆಗೆ ಇದೆ," ಎಂದು, ಟ್ರಾಲಿಯನ್ನು ಮೊದಲ ಮಂಚದ ಕಡೆ ತಳ್ಳಿದರು. "ನಿಂತು ನೋಡು."

ನಾನು ಬ್ಯಾಗು ಕೆಳಗಿಟ್ಟು, ಕೈ ಕಟ್ಟಿಕೊಂಡು, ಎರಡು ಗಂಟೆಯವರೆಗೆ ಅವರ ಹಿಂದೆ ನಿಂತು ನೋಡಿದೆ.